ಹೆಸರು ಬರೆಯದ ಪೆಟ್ಟಿಗೆ

ನೆರಿಯದ ಧರ್ಣಪ್ಪನ ಮೂಗಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆಯದೆ ಹೊರಗಿನಿಂದ ಒಮ್ಮೆ ಮೂಸಿದರೆ ಸಾಕು, ಒಳಗಿನ ಮಲ್ಲಿಗೆ ಯಾರ ಮನೆಯ ಗಿಡದ್ದು, ಆ ಗಿಡಕ್ಕೆ ಯಾವ ದನದ ಗೊಬ್ಬರ ಹಾಕಿದ್ದು, ಆ ದನ ಎಷ್ಟು ಕರು ಹಾಕಿದ್ದು ಎಂಬಲ್ಲಿಯವರೆಗೆ ಹೇಳುತ್ತಿದ್ದ. ಒಮ್ಮೆ ದನದ ಹೆಸರನ್ನೂ ಹೇಳಿದ್ದನಂತೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಹಾಗಾಗಿ ಅರ್ಧ ಮಾತ್ರ ನಂಬುತ್ತೇನೆ.

ಧರ್ಣಪ್ಪನ ಉದ್ಯೋಗ ಹೂ ಸಾಗಿಸುವುದು. ಬೆಳೆಸುವುದಲ್ಲ, ಮಾರುವುದೂ ಅಲ್ಲ. ನೆರಿಯದ ಕಾಡಿನ ಅಂಚಿನಲ್ಲಿ ಇಪ್ಪತ್ತೆರಡು ಮನೆಗಳ ಅಂಗಳದಲ್ಲಿ ಮಲ್ಲಿಗೆ ಗಿಡಗಳಿವೆ. ಬೆಳಕು ಹರಿಯುವಾಗ ಹೆಂಗಸರು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಧರ್ಣಪ್ಪ ಮನೆಯಿಂದ ಮನೆಗೆ ಹತ್ತಿ ಇಳಿದು ಅದನ್ನು ಕೂಡಿಸಿ, ಬಾಳೆಲೆಯಲ್ಲಿ ಸುತ್ತಿ ಬೆಳ್ತಂಗಡಿಗೆ ಒಯ್ಯುತ್ತಾನೆ. ಅಲ್ಲಿ ಐಸಿನ ನಡುವೆ ಮಲಗಿಸಿ ಪೆಟ್ಟಿಗೆ ಮುಚ್ಚುತ್ತಾನೆ. ಮಧ್ಯಾಹ್ನ ವೇಣೂರು, ಮೂಡುಬಿದಿರೆ, ಬೆಳುವಾಯಿ, ಕಾರ್ಕಳದ ದಾರಿಯಾಗಿ ಹೊರಡುವ ಮುಂಬಯಿ ಬಸ್ಸಿನ ಹೊಟ್ಟೆಗೆ ಆ ಪೆಟ್ಟಿಗೆ ಸೇರುತ್ತದೆ. ಮರುದಿನ ಬೆಳಿಗ್ಗೆ ಮುಂಬಯಿಯಲ್ಲಿ ನಮ್ಮ ಊರಿನ ಹೆಂಗಸರು ಮುಡಿಯುವ ಹೊತ್ತಿಗೆ ಸರಿಯಾಗಿ ಮೊಗ್ಗು ಬಾಯಿ ಬಿಡಬೇಕು. ದಾರಿಯಲ್ಲೇ ಬಿಟ್ಟರೆ ಅದು ಹೂವಲ್ಲ, ಕಸ.

"ಮಲ್ಲಿಗೆಗೆ ಗಡಿಯಾರ ಉಂಟು ಮಾರಾಯ. ನಮಗೆ ಬರೀ ಹೊಟ್ಟೆ ಉಂಟು," ಎನ್ನುತ್ತಿದ್ದ.

ಈ ಕೆಲಸವನ್ನು ಅವನಿಗೆ ಕಲಿಸಿದ್ದು ಸೋದರಮಾವ. ಮಾವ ಬಿಟ್ಟುಹೋದ ಆಸ್ತಿ ಒಂದು ಕೊಡೆ ಮತ್ತು ಒಂದು ನಿಯಮ. ಕೊಡೆ ಮೊದಲ ಮಳೆಗೇ ಹಾರಿ ಚಾರ್ಮಾಡಿ ಘಾಟಿ ದಾಟಿತು. ನಿಯಮ ಉಳಿಯಿತು. ಹೂವಿನ ಪೆಟ್ಟಿಗೆ ಕೈಯಿಂದ ಕೈಗೆ ಹೋಗಬೇಕು, ನೆಲಕ್ಕೆ ಇಳಿಯಬಾರದು. ಪಡೆಯುವ ಕೈ ಬಾರದಿದ್ದರೆ ಹೂ ಮುಂದಕ್ಕೇ ಹೋಗಬೇಕು, ಹಿಂದಕ್ಕೆ ಬರಬಾರದು.

ಈ ನಿಯಮಕ್ಕೆ ಧರ್ಣಪ್ಪ ತನ್ನದೊಂದು ಬಾಲ ಸೇರಿಸಿದ. ಕೆಲವು ವರ್ಷಗಳ ಹಿಂದೆ ವಿಟ್ಲದ ಕಡೆಯ ಒಬ್ಬ ಪೋಕರಿ, ಧರ್ಣಪ್ಪನ ಸ್ವರದಲ್ಲೇ ಬಸ್ಸಿನವರಿಗೆ ಫೋನ್ ಮಾಡಿ, ಯಾರದೋ ಮದುವೆಗೆ ಹೊರಟಿದ್ದ ಎರಡು ಪೆಟ್ಟಿಗೆಯನ್ನು ನಡುದಾರಿಯಲ್ಲಿ ಇಳಿಸಿಕೊಂಡ. ಅಂದಿನಿಂದ ಮುಂಬಯಿ ಬಸ್ಸಿನ ಕಂಡಕ್ಟರ್ ಮುಝಮ್ಮಿಲನಿಗೆ ಕಟ್ಟಪ್ಪಣೆ.

"ನಡುದಾರಿಯಲ್ಲಿ ಬೇರೆಯವರ ಕೈಗೆ ಕೊಡು ಅಂತ ನಾನೇ ಫೋನಿನಲ್ಲಿ ಹೇಳಿದ್ರೂ ಕೊಡ್ಬೇಡ. ನನ್ನ ಮುಖ ಕಂಡ್ರೆ ಮಾತ್ರ ಕೊಡು."

"ನಿಮ್ಮ ಮುಖ ಹಾಕ್ಕೊಂಡು ಬೇರೆಯವ ಬಂದ್ರೆ ಧರ್ಣಪ್ಪಣ್ಣ?"

"ಈ ಮುಖವನ್ನು ದುಡ್ಡು ಕೊಟ್ರೂ ಯಾರೂ ತಕ್ಕೊಳ್ಳುದಿಲ್ಲ. ಹೆದರ್ಬೇಡ."

ಹೀಗೆ ಮೂಡುಬಿದಿರೆಯ ಮದುವೆಗಳಿಗೆ, ಬಂಟ್ವಾಳದ ಮದುವೆಗಳಿಗೆ, ಮುಂಬಯಿಯ ಮದುವೆಗಳಿಗೆ ಅವನು ಒಯ್ದ ಹೂವನ್ನು ಒಂದೇ ದಾರದಲ್ಲಿ ಕಟ್ಟಿದರೆ ಭೂಮಿಗೆ ಏಳು ಸುತ್ತು ಬಂದು, ಉಳಿದದ್ದರಲ್ಲಿ ಚಂದ್ರನಿಗೆ ಒಂದು ಜಡೆ ಹಾಕಬಹುದು. ಒಂದು ಮಳೆಗಾಲ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು ಹೊಳೆ ದಾಟಿದ. ನೀರು ಎದೆಯವರೆಗೆ ಇತ್ತು ಎಂದು ಮೊದಲ ಸಲ ಹೇಳಿದ್ದ. ಪ್ರತಿಸಲ ಹೇಳುವಾಗಲೂ ನೀರು ಒಂದೊಂದು ಗೇಣು ಏರುತ್ತದೆ. ಈಗ ಅವನ ತಲೆಯ ಮೇಲೆ ಎರಡು ಅಡಿ ಇದೆ. ಆದರೂ ಹೂ ಒದ್ದೆಯಾಗಲಿಲ್ಲವಂತೆ.

ಹೂ ಎಂದೂ ತಡವಾಗಲಿಲ್ಲ. ತಡವಾದದ್ದು ಬೇರೆ.

ಮೂವತ್ತಮೂರು ವರ್ಷಗಳ ಹಿಂದಿನ ಮಾತು. ಧರ್ಣಪ್ಪನಿಗೂ ಕಾವೇರಮ್ಮನಿಗೂ ಮದುವೆಯಾಗಿ ಎರಡು ವರ್ಷ. ಮನೆಯಲ್ಲಿ ಎಪ್ಪತ್ತು ದಿನದ ಹೆಣ್ಣುಕೂಸು. ಹೆಸರಿಡುವುದಕ್ಕೆ ಇನ್ನೂ ದಿನ ನೋಡಿರಲಿಲ್ಲ. ಮಗುವಿಗೆ ಎರಡು ದಿನದಿಂದ ಜ್ವರ. ಧರ್ಣಪ್ಪ ಬೆಳಿಗ್ಗೆ ಹೂವಿನ ಜೊತೆ ಬೆಳ್ತಂಗಡಿಗೆ ಇಳಿದ. ಅಲ್ಲಿ ಪೆಟ್ಟಿಗೆಯನ್ನು ಮೂಡುಬಿದಿರೆಯಿಂದ ಬರುವ ಆಳಿನ ಕೈಗೆ ಕೊಟ್ಟು, ಡಾಕ್ಟರಲ್ಲಿ ಔಷಧಿ ತೆಗೆದುಕೊಂಡು, ಹತ್ತು ಗಂಟೆಯ ಬಸ್ಸಿಗೆ ಹಿಂದಿರುಗುವುದು ಎಂದು ಲೆಕ್ಕ.

ಔಷಧಿ ಸಿಕ್ಕಿತು. ಆಳು ಬರಲಿಲ್ಲ.

ಹತ್ತು ಗಂಟೆಯ ಬಸ್ಸು ನೆರಿಯಕ್ಕೆ ಹೊರಟು ನಿಂತಿತ್ತು. ಮೂಡುಬಿದಿರೆಯ ಬಸ್ಸೂ ಹೊರಟು ನಿಂತಿತ್ತು. ಅಂಗಿಯ ಜೇಬಿನಲ್ಲಿ ಔಷಧಿ, ಕೈಯಲ್ಲಿ ಯಾರದೋ ಮದುಮಗಳ ಹೂ. ಕೈ ಬಾರದಿದ್ದರೆ ಹೂ ಮುಂದಕ್ಕೇ ಹೋಗಬೇಕು. ಅವನು ಮೂಡುಬಿದಿರೆಯ ಬಸ್ಸು ಹತ್ತಿದ.

ಮುಹೂರ್ತಕ್ಕೆ ಐದು ನಿಮಿಷ ಮುಂಚೆ ಹೂ ತಲುಪಿತು. ಮದುವೆಮನೆಯವರು ಅವನ ಬೆನ್ನು ತಟ್ಟಿದರು, ಊಟ ಮಾಡದೆ ಬಿಡಲಿಲ್ಲ. ಅವನು ನೆರಿಯಕ್ಕೆ ಬಂದಾಗ ಸಂಜೆ ಐದೂವರೆ. ಮಗು ಮೂರು ಗಂಟೆಗೇ ಹೋಗಿತ್ತು. ಕಾವೇರಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ಅವನು ಜೇಬಿನಿಂದ ಔಷಧಿಯ ಬಾಟಲಿ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಿನ ಮೇಲಿನ ಅಡ್ಡಪಟ್ಟಿಯಲ್ಲಿಟ್ಟ. ಅದು ಮೂವತ್ತು ವರ್ಷ ಅಲ್ಲೇ ಇತ್ತು. ಸುಣ್ಣ ಬಳಿಯುವವರೂ ಅದನ್ನು ಮುಟ್ಟದೆ ಸುತ್ತ ಬಳಿದು ಹೋದರು. ಆಮೇಲೆ ಹುಟ್ಟಿದ ಮಗಳು ವಿಸ್ಮಿತಾ ಚಿಕ್ಕವಳಿದ್ದಾಗ, "ಅದೆಂತದಮ್ಮ?" ಎಂದು ಕೇಳಿದರೆ ಕಾವೇರಮ್ಮ, "ಅಪ್ಪನ ಔಷಧಿ," ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಒಂದು ಮಾತು ಆ ಮನೆಯಲ್ಲಿ ಆಡಿದ್ದಿಲ್ಲ.

ವಿಸ್ಮಿತಾ ಬೆಳೆದಳು, ಬೆಳ್ತಂಗಡಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯ ಮಾತು ಶುರುವಾದದ್ದೇ ಶುರು. ಏಳು ಗಂಡುಗಳು ಬಂದು ನೋಡಿ ಹೋದರು. ಮೂವರು ಅವಲಕ್ಕಿಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಒಬ್ಬರೂ ಮತ್ತೆ ಬರಲಿಲ್ಲ. ಕೊನೆಗೆ ಪ್ರಶ್ನೆ ಇಡಿಸಿದಾಗ ಜೋಯಿಸರು ಕವಡೆ ಸರಿಸಿ ಹೇಳಿದ್ದು ನಮ್ಮ ಕಡೆಯ ಎಲ್ಲರೂ ಊಹಿಸಿದ್ದೇ. ಅಕ್ಕನಿಗೆ ಆಗದೆ ತಂಗಿಗೆ ಹೇಗಾದೀತು? ಸತ್ತವರೂ ಕಣ್ಣಿಗೆ ಕಾಣದೆ ಬೆಳೆಯುತ್ತಾರೆ. ಪ್ರಾಯಕ್ಕೆ ಬರುತ್ತಾರೆ. ಅವರಿಗೂ ಜಾತಿ, ಗೋತ್ರದಂಥ ಬಳಿ ನೋಡಿ, ಹಾಗೇ ಸತ್ತ ಒಬ್ಬ ಗಂಡು ಹುಡುಕಿ ಮದುವೆ ಮಾಡಬೇಕು. ಅದಕ್ಕೆ ಮಳೆಗಾಲದ ಆಟಿ ತಿಂಗಳು ಪ್ರಶಸ್ತ, ಯಾಕೆಂದರೆ ಆಟಿಯಲ್ಲಿ ಜೀವ ಇರುವವರ ಮದುವೆಗಳಿಗೆ ರಜೆ.

ಬದುಕಿದ ಹುಡುಗಿಗೆ ನಾಲ್ಕು ವರ್ಷವಾದರೂ ಸಿಗದ ಗಂಡು, ಸತ್ತ ಹುಡುಗಿಗೆ ಹದಿನೈದು ದಿನದಲ್ಲಿ ಸಿಕ್ಕಿತು. ಸಂಬಂಧ ತಂದದ್ದು ಸುಬ್ಬಪ್ಪಣ್ಣ. ಇಂಥ ಮದುವೆಗಳನ್ನು ಮುಂದೆ ನಿಂತು ನಡೆಸುವ ಹಿರಿಯರು. ಅಂಗಳದಲ್ಲಿ ಕೂತು ವೀಳ್ಯ ಮಡಚುತ್ತಾ ಹೇಳಿದರು.

"ಬೆಳುವಾಯಿಯ ಸಂಕಪ್ಪ, ಕಾಂತಿಯಕ್ಕ ಅಂತ. ಒಬ್ಬನೇ ಮಗ. ವಸಂತ. ನಾಲ್ಕು ವರ್ಷಕ್ಕೆ ಕೆರೆಗೆ ಬಿದ್ದದ್ದು. ಇದ್ದಿದ್ರೆ ಈಗ ಮೂವತ್ತನಾಲ್ಕು. ಗದ್ದೆ ಉಂಟು, ತೋಟ ಉಂಟು. ಹುಡುಗನಿಗೆ ಕುಡಿತ ಇಲ್ಲ, ಬೀಡಿ ಇಲ್ಲ."

"ಅದು ಬೇರೆ ಹೇಳ್ಬೇಕಾ ಸುಬ್ಬಪ್ಪಣ್ಣ?" ಎಂದ ಧರ್ಣಪ್ಪ.

"ಹೇಳ್ಬೇಕು ಮಾರಾಯ. ಸಂಬಂಧ ಮಾತಾಡುವಾಗ ಎಲ್ಲ ಹೇಳ್ಬೇಕು. ಆಮೇಲೆ ನನ್ನ ತಲೆಗೆ ಬರ್ಬಾರ್ದು."

ಕಾವೇರಮ್ಮ ಬಾಗಿಲ ಹಿಂದಿನಿಂದ ಕೇಳಿದರು, "ಅತ್ತೆ ಜೋರಾ?"

ಯಾರೂ ನಗಲಿಲ್ಲ. ಸುಬ್ಬಪ್ಪಣ್ಣ ವೀಳ್ಯವನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದರು. "ಕಾಂತಿಯಕ್ಕ ಪಾಪ. ಅವತ್ತಿನಿಂದ ಆ ಕೆರೆಯ ನೀರು ಮುಟ್ಟಿಲ್ಲ. ಅರ್ಧ ಮೈಲು ನಡೆದು ಬೇರೆ ಬಾವಿಯಿಂದ ತರ್ತಾರೆ. ನಿಮ್ಮ ಮಗುವಿಗೆ ಅಲ್ಲಿ ಕಷ್ಟ ಆಗ್ಲಿಕ್ಕಿಲ್ಲ." ಮತ್ತೆ ಧರ್ಣಪ್ಪನ ಕಡೆ ತಿರುಗಿ, "ಹೆಸರೆಂತ ನಿಮ್ಮ ಹುಡುಗಿಯದ್ದು?" ಎಂದರು.

"ಇಟ್ಟಿರ್ಲಿಲ್ಲ," ಎಂದ ಧರ್ಣಪ್ಪ.

"ಧಾರೆಗೆ ಹೆಸರು ಬೇಕು. ಆ ದಿನಕ್ಕೆ ಒಂದು ಯೋಚಿಸಿ ತನ್ನಿ. ಮತ್ತೆ ಹೂ..."

"ಹೂವಿನ ಮಾತು ನೀವು ಆಡ್ಬೇಡಿ," ಧರ್ಣಪ್ಪ ಎದ್ದು ನಿಂತ. "ಊರ ಮದುಮಗಳಂದಿರಿಗೆಲ್ಲ ಕೊಟ್ಟವ ನಾನು. ನನ್ನ ಮಗಳ ಹೂವನ್ನು ನಾನೇ ಒಯ್ತೇನೆ. ಮುಹೂರ್ತಕ್ಕೆ ಒಂದು ಗಂಟೆ ಮುಂಚೆ."

ಮಾತು ಗಟ್ಟಿಯಾಯಿತು. ಕಾವೇರಮ್ಮ ಬೆಳ್ತಂಗಡಿಗೆ ಹೋಗಿ ಧಾರೆ ಸೀರೆಗೆ ರವಿಕೆ, ಕರಿಮಣಿ, ಹಸಿರು ಬಳೆ ತಂದರು. ಬಳೆಯ ಅಂಗಡಿಯವ, "ಮದುಮಗಳ ಕೈ ಅಳತೆ ಎಷ್ಟಕ್ಕ?" ಎಂದು ಕೇಳಿದಾಗ ತಮ್ಮ ಕೈಯನ್ನೇ ಮುಂದೆ ಚಾಚಿದರಂತೆ.

ಆ ದಿನ ಬಂತು. ಧಾರೆ ಬೆಳುವಾಯಿಯ ಗಂಡಿನ ಮನೆಯಲ್ಲಿ, ಸಂಜೆ ನಾಲ್ಕೂ ಇಪ್ಪತ್ತರೊಳಗೆ. ಮೀರಿದರೆ ಮತ್ತೆ ಬರುವ ಆಟಿಗೆ. ಬೆಳಿಗ್ಗೆ ಕಾವೇರಮ್ಮ ತಮ್ಮ ಅಂಗಳದ ಮೊಗ್ಗನ್ನು ತಾವೇ ಕೊಯ್ದು, ತಾವೇ ಕಟ್ಟಿದರು. ಎರಡು ಚೆಂಡು ಆಯಿತು. ಆಟಿಯ ಮಳೆಗೆ ಅಷ್ಟಾದದ್ದೇ ದೊಡ್ಡದು. ಒಂಬತ್ತು ಗಂಟೆಗೆ ನಾವು ಹೆಣ್ಣಿನ ಕಡೆಯವರು ಐದಾರು ಜನ ಜೀಪು ಹತ್ತಿದೆವು. ಕಾವೇರಮ್ಮ ಹೂವನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದ್ದರು. ಧರ್ಣಪ್ಪ ಅಡ್ಡ ಬಂದ.

"ಅದನ್ನು ಕೊಡು. ಐಸು ಇಲ್ಲದೆ ಜೀಪಿನಲ್ಲಿ ಬಾಡ್ತದೆ. ನಾನು ಬೆಳ್ತಂಗಡಿಯಲ್ಲಿ ಪೆಟ್ಟಿಗೆಗೆ ಹಾಕಿ ಹಿಂದಿನಿಂದ ತರ್ತೇನೆ."

"ಇವತ್ತೊಂದು ದಿನ ಆ ಮುಂಬಯಿ ಪೆಟ್ಟಿಗೆ ಬಿಡಿ. ನಮ್ಮೊಟ್ಟಿಗೇ ಬನ್ನಿ."

"ಇಪ್ಪತ್ತೆರಡು ಮನೆಯವರ ಮೊಗ್ಗು ಗಿಡದಲ್ಲೇ ಕೊಳೀಬೇಕಾ? ಕೊಟ್ಟು ಬಂದೇ ಬಿಟ್ಟೆ."

ಕಾವೇರಮ್ಮ ಹೂ ಕೊಟ್ಟರು. ಜೀಪು ತಿರುಗುವವರೆಗೂ ಅವನನ್ನೇ ನೋಡುತ್ತಿದ್ದರು.

ಬೆಳ್ತಂಗಡಿಯಲ್ಲಿ ಧರ್ಣಪ್ಪ ಮೂರು ಪೆಟ್ಟಿಗೆ ಕಟ್ಟಿದ. ಎರಡು ಮುಂಬಯಿಯದು, ಒಂದು ಮಗಳದು. ಎರಡರ ಮೇಲೆ ಮಾರ್ಕರಿನಲ್ಲಿ ಪಡೆಯುವವರ ಹೆಸರು ಬರೆದ. ಮೂರನೆಯದರ ಮೇಲೆ ಮಾರ್ಕರ್ ಇಟ್ಟವನು ಹಾಗೇ ನಿಂತ. ಬರೆಯಲು ಹೆಸರಿರಲಿಲ್ಲ. ಹದಿನೈದು ದಿನ ಯೋಚಿಸಿದರೂ ಒಂದು ಹೆಸರು ಅವನಿಗೆ ಹೊಳೆದಿರಲಿಲ್ಲ. ಹೊಳೆದದ್ದೆಲ್ಲ ಯಾರ್ಯಾರದೋ ಮದುಮಗಳಂದಿರದ್ದು. ಬಿಳಿ ಪೆಟ್ಟಿಗೆಯ ಮೇಲೆ ಒಂದು ಕಪ್ಪು ಚುಕ್ಕೆ ಮಾತ್ರ ಬಿತ್ತು. ಮಾರ್ಕರಿನ ಮುಚ್ಚಳ ಹಾಕಿ ಅದನ್ನು ಜೇಬಿಗೆ ಸೇರಿಸಿದ.

ಮುಂಬಯಿ ಬಸ್ಸು ಬಂದು ನಿಂತಿತು. ಅದು ಜನ ತುಂಬುವವರೆಗೆ ಒಂದು ಗಂಟೆ ಅಲ್ಲೇ ನಿಲ್ಲುವ ಬಸ್ಸು. ಮುಝಮ್ಮಿಲ್ ಕೆಳಗಿನ ಡಿಕ್ಕಿ ತೆಗೆದು ಕೈ ಚಾಚಿದ. ಧರ್ಣಪ್ಪ ಒಂದು ಕೊಟ್ಟ, ಎರಡು ಕೊಟ್ಟ, ಮೂರು ಕೊಟ್ಟ. ಮನಸ್ಸು ಹೆಸರು ಹುಡುಕುತ್ತಿತ್ತು. ಕೈ ಮೂವತ್ತು ವರ್ಷದಿಂದ ಮಾಡಿದ್ದನ್ನು ಮಾಡಿತು. ಬಸ್ಸಿನ ಬದಿಗೆ ಎರಡು ಸಲ ಬಡಿದು, "ರೈಟ್," ಎಂದು, ಕೊಡೆ ಮತ್ತು ಚೀಲ ಹಿಡಿದು ಎದುರಿಗೆ ನಿಂತಿದ್ದ ಮೂಡುಬಿದಿರೆಯ ಲೋಕಲ್ ಬಸ್ಸು ಹತ್ತಿ ಕೂತುಬಿಟ್ಟ.

ಇಷ್ಟು ದೊಡ್ಡ ಮೂಗಿನವನಿಗೆ ತನ್ನ ಮಡಿಲಲ್ಲಿ ಹೂವಿನ ವಾಸನೆ ಇಲ್ಲ ಎಂದು ವೇಣೂರಿನಲ್ಲೂ ತಿಳಿಯಲಿಲ್ಲ, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸುವಾಗಲೂ ತಿಳಿಯಲಿಲ್ಲ.

ಬೆಳುವಾಯಿಯಲ್ಲಿ ರಸ್ತೆಯಿಂದ ಮನೆಗೆ ಸ್ವಲ್ಪ ನಡೆಯಬೇಕು. ಅವನು ಅಂಗಳಕ್ಕೆ ಬಂದಾಗ ಎರಡೂವರೆ. ಚಾವಡಿಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದರ ಮೇಲೆ ಸೀರೆ, ರವಿಕೆ, ಕರಿಮಣಿ, ಬಳೆ. ಸೀರೆಯ ಮೇಲ್ತುದಿಯಲ್ಲಿ ಹೂವಿಗೆಂದು ಜಾಗ ಬಿಟ್ಟಿದ್ದರು. ಗಂಡಿನ ತಾಯಿ ಕಾಂತಿಯಕ್ಕ ಎದುರು ಬಂದು ಕಾಲಿಗೆ ನೀರು ಕೊಟ್ಟು ಎರಡೂ ಕೈ ಚಾಚಿದರು.

"ಹೂ ತಂದ್ರಾ ಅಣ್ಣ? ಕೊಡಿ, ಒಳಗಿಡುವ."

ಧರ್ಣಪ್ಪ ಕೈ ಎತ್ತಿದ. ಒಂದು ಕೈಯಲ್ಲಿ ಕೊಡೆ, ಒಂದರಲ್ಲಿ ಚೀಲ. ಅದನ್ನೇ ನೋಡುತ್ತಾ ನಿಂತ. ನಾವೆಲ್ಲ ಆ ಎರಡು ಕೈ ನೋಡಿದೆವು. ನನ್ನ ಬಾಯಿಗೆ ಸಾಮಾನ್ಯವಾಗಿ ಯಾವ ಹೊತ್ತಿಗೂ ಒಂದು ತಮಾಷೆ ಬರುತ್ತದೆ. ಆಗ ಬರಲಿಲ್ಲ.

ಅವನು ಬಂದ ದಾರಿಯಲ್ಲೇ ರಸ್ತೆಗೆ ಓಡಿದ. ಬಸ್ಸು ಬೆಳುವಾಯಿಯ ಮೇಲೇ ಬರಬೇಕಷ್ಟೇ. ಫೋನ್ ಮಾಡಿದ.

"ಮುಝಮ್ಮಿಲ್, ಎಲ್ಲಿದ್ದೀ?"

"ವೇಣೂರಿನ ಹತ್ರ ಧರ್ಣಪ್ಪಣ್ಣ. ರಸ್ತೆಗೆ ಮರ ಬಿದ್ದುಂಟು. ಕೊಯ್ತಾ ಇದ್ದಾರೆ. ಎಂತಾಯ್ತು?"

"ಹೆಸರಿಲ್ಲದ ಪೆಟ್ಟಿಗೆ ಒಂದುಂಟಲ್ಲ? ಅದು ನನ್ನ ಮಗಳದ್ದು. ಬೆಳುವಾಯಿಯಲ್ಲಿ ನಿಲ್ಲಿಸು. ನಾನು ರಸ್ತೆಯಲ್ಲೇ ಇದ್ದೇನೆ."

"ಹೌದಾ! ಆಯ್ತು. ನಿಮ್ಮ ಮುಖ ಕಂಡ ಕೂಡ್ಲೇ ಕೊಡ್ತೇನೆ."

ಗಂಡಿನ ತಂದೆ ಸಂಕಪ್ಪ ಹಿಂದೆಯೇ ಬಂದರು. "ಭಾವ, ನೀವು ಒಳಗೆ ಬನ್ನಿ. ಇಲ್ಲಿ ಅಡಿಗೆಯವನನ್ನು ನಿಲ್ಲಿಸುವ."

"ಅವ ಬೇರೆ ಕೈಗೆ ಕೊಡುದಿಲ್ಲ ಭಾವ. ಕೊಡ್ಬಾರ್ದು ಅಂತ ಕಲಿಸಿದವ ನಾನೇ."

ನಮ್ಮೊಟ್ಟಿಗೆ ಜೀಪಿನಲ್ಲಿ ಬಂದಿದ್ದ ವಿಸ್ಮಿತಾ ರಸ್ತೆಬದಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ಮದುವೆಯಾಗದವರು ಸತ್ತವರ ಮದುವೆ ನೋಡುವ ಹಾಗಿಲ್ಲ, ಅದರ ಒಂದು ಎಸಳು ಹೂವನ್ನೂ ಮುಟ್ಟುವ ಹಾಗಿಲ್ಲ. ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಅವಳನ್ನೇ ಹೊರಗೆ ಕೂರಿಸಿದ್ದರು. ಮುಂದಿನದನ್ನು ಅವಳೇ ನನಗೆ ಹೇಳಿದ್ದು.

ಮೂರು ಗಂಟೆಯಾಯಿತು. ಮೂರೂವರೆಯಾಯಿತು. ಕಾರ್ಕಳದ ಕಡೆಗೆ ಹೋದ ಒಂದೊಂದು ಲಾರಿಗೂ ಧರ್ಣಪ್ಪ ರಸ್ತೆಗೆ ಇಳಿದು ನಿಂತ. ನಾಲ್ಕಕ್ಕೆ ಫೋನ್ ಬಂತು. ಬಸ್ಸು ಮೂಡುಬಿದಿರೆಗೆ ಬಂದಿದೆ, ಜನ ಹತ್ತುತ್ತಿದ್ದಾರೆ. ನಾಲ್ಕೂ ಐದಕ್ಕೆ ಕಾವೇರಮ್ಮ ಕೊಡೆಯಿಲ್ಲದೆ ಮಳೆಯಲ್ಲಿ ನಡೆದು ಬಂದರು.

"ಬನ್ನಿ."

"ಮೂಡುಬಿದಿರೆಗೆ ಬಂತು. ಹತ್ತು ನಿಮಿಷ ಅಷ್ಟೆ."

"ಧಾರೆ ಎರೀಲಿಕ್ಕೆ ಅಪ್ಪ ಬೇಕು. ಹೂ ಇಲ್ಲದಿದ್ರೂ ಆಗ್ತದೆ."

"ಎಂತ ಮಾತಾಡ್ತೀ ಮಾರಾಯ್ತಿ? ಕಂಡವರ ಮಕ್ಕಳಿಗೆಲ್ಲ ಹೂ ಹೊತ್ತೆ ನಾನು. ನನ್ನ ಮಗಳು ಬರೀ ತಲೆಯಲ್ಲಿ ನಿಲ್ಬೇಕಾ? ಇಷ್ಟಾದ್ರೂ ಅವಳಿಗೆ ಹೊತ್ತಿಗೆ ಸರಿಯಾಗಿ ತಲುಪಿಸದಿದ್ರೆ ನಾನು..."

"ಅವತ್ತು ನಾನು ಔಷಧಿಗೆ ಕಾದದ್ದು ಅಂತ ತಿಳ್ಕೊಂಡಿದ್ದೀರಾ?"

ಧರ್ಣಪ್ಪ ರಸ್ತೆಯಿಂದ ಕಣ್ಣು ತಿರುಗಿಸಿದ.

"ಮಧ್ಯಾಹ್ನಕ್ಕೇ ಗೊತ್ತಾಗಿತ್ತು ನನಗೆ. ಅದು ಔಷಧಿಗೆ ನಿಲ್ಲುವ ಜ್ವರ ಅಲ್ಲ ಅಂತ. ಮೈ ತಣ್ಣಗಾಗ್ತಾ ಬಂತು. ನೀವು ಬಂದ್ರೆ ಸಾಕು ಅಂತ ಕಾದೆ. ಬಾಟಲಿ ಯಾರಿಗೆ ಬೇಕಿತ್ತು? ಒಬ್ಬಳೇ ಮಡಿಲಲ್ಲಿ ಹಿಡ್ಕೊಂಡು ಕೂತಿದ್ದೆ. ಇವತ್ತೂ ಒಬ್ಬಳೇ ಕೂತ್ಕೊಳ್ಲಿಕ್ಕೆ ನನ್ನಿಂದ ಆಗುದಿಲ್ಲ."

ಮೂವತ್ತು ವರ್ಷದಲ್ಲಿ ಅವರು ಆ ಬಗ್ಗೆ ಆಡಿದ್ದು ಇಷ್ಟೇ. ಧರ್ಣಪ್ಪ ಒಮ್ಮೆ ಮೂಡುಬಿದಿರೆಯ ದಿಕ್ಕಿಗೆ ನೋಡಿದ. ಆಮೇಲೆ ಕೊಡೆಯನ್ನು ಹೆಂಡತಿಯ ತಲೆಯ ಮೇಲೆ ಹಿಡಿದು, ಅವರ ಹಿಂದೆ ನಡೆದ. ಅಷ್ಟು ನಿಧಾನಕ್ಕೆ ಅವನು ನಡೆದದ್ದನ್ನು ಕಂಡವರಿಲ್ಲ.

ಚಾವಡಿಯಲ್ಲಿ ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿ ಶಾಲು ಹೊದ್ದ. ಫೋನು ಅಂಗಿಯ ಜೇಬಿನಲ್ಲೇ ಉಳಿಯಿತು. ಸುಬ್ಬಪ್ಪಣ್ಣ ಗಿಂಡಿಯನ್ನು ಅವನ ಕೈಗೆ ಕೊಟ್ಟು ಕೇಳಿದರು.

"ವರನ ಹೆಸರು ವಸಂತ. ವಧುವಿನ ಹೆಸರು?"

ಧರ್ಣಪ್ಪ ಗಿಂಡಿಯನ್ನೇ ನೋಡಿದ.

"ಹರ್ಷಿತಾ," ಎಂದರು ಕಾವೇರಮ್ಮ.

ಅವನು ಹೆಂಡತಿಯ ಕಡೆ ತಿರುಗಿದ. "ಯಾವಾಗ ಇಟ್ಟದ್ದು?"

"ಹುಟ್ಟಿದ ದಿನವೇ."

ಗಿಂಡಿ ಬಾಗಿತು. ಮಗಳ ಬದಲಿಗೆ ತಾಯಿಯ ಅಂಗೈ, ಮಗನ ಬದಲಿಗೆ ಸಂಕಪ್ಪನ ಅಂಗೈ, ನಡುವೆ ತೆಂಗಿನಕಾಯಿ. ನೀರು ಸಣ್ಣ ಎಳೆಯಾಗಿ ಬೀಳತೊಡಗಿದಾಗ ರಸ್ತೆಯ ಕಡೆಯಿಂದ ಹಾರ್ನ್ ಕೇಳಿತು. ಉದ್ದಕ್ಕೆ, ಮೂರು ಸಲ. ಗೂಟದಲ್ಲಿದ್ದ ಅಂಗಿಯ ಜೇಬು ಬೆಳಗಿ ನಡುಗಿತು. ಧರ್ಣಪ್ಪನ ಹೆಗಲು ಒಮ್ಮೆ ಆ ಕಡೆ ಎಳೆಯಿತು, ನಾನು ನೋಡಿದೆ. ನೀರಿನ ಎಳೆ ಕಡಿಯಲಿಲ್ಲ.

ಅಲ್ಲಿ ರಸ್ತೆಯಲ್ಲಿ ಮುಝಮ್ಮಿಲ್ ಹೆಸರಿಲ್ಲದ ಪೆಟ್ಟಿಗೆ ಹಿಡಿದು ಮಳೆಯಲ್ಲಿ ಇಳಿದು ನಿಂತಿದ್ದ.

"ಅಪ್ಪ ಎಲ್ಲಿ?"

"ಒಳಗೆ ಧಾರೆ ಎರೀತಾ ಇದ್ದಾರೆ," ಎಂದಳು ವಿಸ್ಮಿತಾ. ಅವಳ ಎರಡೂ ಕೈ ಬೆನ್ನ ಹಿಂದೆ. "ನಾನು ಮುಟ್ಲಿಕ್ಕಿಲ್ಲ ಅಣ್ಣ."

"ಮುಟ್ಲಿಕ್ಕಿದ್ರೂ ನಾನು ಕೊಡ್ಲಿಕ್ಕಿಲ್ಲ. ನಿನ್ನಪ್ಪನ ಮುಖ ಬೇಕು." ಅವನು ಖಾಲಿ ದಾರಿಯನ್ನೇ ನೋಡಿದ. ಬಸ್ಸಿನೊಳಗಿಂದ ಯಾರೋ ಬೈದರು, ಯಾರೋ ಸೀಟಿ ಹೊಡೆದರು. "ಈ ಕಲ್ಲಿನ ಮೇಲಿಟ್ಟು ಹೋಗುವ ಅಂತ ಕಾಣ್ತದೆ. ಆದ್ರೆ ಅವರು ನನ್ನನ್ನು ಕೊಲ್ತಾರೆ."

ಒಂದು ಮಾರು ದೂರದಲ್ಲಿ ಅಕ್ಕನ ಹೂ. ವಾಸನೆ ಬರುತ್ತಿತ್ತು ಎಂದಳು ವಿಸ್ಮಿತಾ. ಮುಝಮ್ಮಿಲ್ ಇನ್ನೊಮ್ಮೆ ಫೋನ್ ಮಾಡಿದ. ಆಮೇಲೆ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ, ಎರಡೂ ಕೈಯಲ್ಲಿ ಎತ್ತಿ ಡಿಕ್ಕಿಯೊಳಗಿಟ್ಟ. ಬಸ್ಸು ಕಾರ್ಕಳದ ಕಡೆ ಹೋಯಿತು.

ಊಟಕ್ಕೆ ಕೋಳಿ, ರೊಟ್ಟಿ. ಅಡಿಗೆ ಚೆನ್ನಾಗಿತ್ತು, ಅದರ ಮೇಲೆ ನನಗೆ ಸಿಟ್ಟು ಬಂತು. ಹೊರಡುವ ಹೊತ್ತಿಗೆ ಕಾಂತಿಯಕ್ಕ ಕುರ್ಚಿಯ ಮೇಲಿನ ಸೀರೆಯನ್ನು, ನಿದ್ದೆಯಲ್ಲಿರುವ ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು. ಹೂವಿಲ್ಲದ ತುದಿಯನ್ನು ತಮ್ಮ ಸೆರಗಿನಿಂದ ಮುಚ್ಚಿದರು. "ಬಾ ಮಗಾ, ಒಳಗೆ ಬೆಚ್ಚಗುಂಟು," ಎಂದು ಒಳಕೋಣೆಗೆ ನಡೆದರು. ಕಾವೇರಮ್ಮ ಆ ಬಾಗಿಲನ್ನು ಬಹಳ ಹೊತ್ತು ನೋಡಿದರು. ಅತ್ತೆ ಜೋರಿರಲಿಲ್ಲ.

ಇದಾಗಿ ಎರಡು ಆಟಿ ಕಳೆಯಿತು. ವಿಸ್ಮಿತಾಳಿಗೆ ಗಂಡು ಸಿಕ್ಕಿತೇ ಎಂದು ಕೇಳುವವರಿಗೆ: ಇಲ್ಲ. ಈ ನಡುವೆ ಇನ್ನೂ ಇಬ್ಬರು ಬಂದು ಅವಲಕ್ಕಿ ಖಾಲಿ ಮಾಡಿದರು. "ಅಕ್ಕನಿಗಾದ್ರೂ ಆಯ್ತಲ್ಲ," ಎನ್ನುತ್ತಾಳೆ ಅವಳು. ಧರ್ಣಪ್ಪ ಈಗಲೂ ಹೂ ಒಯ್ಯುತ್ತಾನೆ. ಮೂಗು ಮೊದಲಿನಷ್ಟಿಲ್ಲ, ಈಗ ಮನೆಯ ಹೆಸರು ಮಾತ್ರ ಹೇಳುತ್ತಾನೆ, ದನದ ಸುದ್ದಿಗೆ ಹೋಗುವುದಿಲ್ಲ. ಬಾಗಿಲ ಮೇಲಿನ ಬಾಟಲಿ ಈಗ ಅಲ್ಲಿಲ್ಲ. ಸುಣ್ಣ ಬಳಿಯದೆ ಉಳಿದ ಒಂದು ಸಣ್ಣ ಉರುಟು ಗುರುತು ಇದೆ. ಯಾರು ತೆಗೆದರು ಎಂದು ನಾನು ಕೇಳಲಿಲ್ಲ.

ಆ ಮದುವೆಯ ಮರುದಿನ ಬೆಳಿಗ್ಗೆ ನಾನು ಅವನ ಅಂಗಳದಲ್ಲೇ ಇದ್ದೆ. ಏಳೂವರೆಗೆ ಫೋನ್ ಬಂತು. ಮುಂಬಯಿಯಲ್ಲಿ ಅವನ ಹೂ ಇಳಿಸಿಕೊಳ್ಳುವ ಘಾಟ್ಕೋಪರಿನ ಅಪ್ಪಿಯಕ್ಕ. ಅವರ ಸ್ವರಕ್ಕೆ ಸ್ಪೀಕರ್ ಬೇಡ, ಫೋನೂ ಬೇಡ ಎನ್ನಬಹುದು.

"ಧರ್ಣಪ್ಪಣ್ಣ, ಮೂರು ಪೆಟ್ಟಿಗೆ ಬಂತು. ಒಂದಕ್ಕೆ ಹೆಸರೇ ಇಲ್ಲ. ಯಾರದ್ದಿದು?"

"ಹರ್ಷಿತಾ," ಎಂದ ಧರ್ಣಪ್ಪ.

"ಯಾವ ಹರ್ಷಿತಾ? ಎಲ್ಲಿಯವಳು?"

"ಬೆಳುವಾಯಿಯವಳು."

"ಬೆಳುವಾಯಿಯವಳ ಹೂ ಬೆಳುವಾಯಿ ದಾಟಿ ಇಲ್ಲಿಗ್ಯಾಕೆ ಬಂತು ಮಾರಾಯ್ರೆ?"

ಒಳಗೆ ಕಾವೇರಮ್ಮ ಮೊಗ್ಗು ಕಟ್ಟುತ್ತಿದ್ದ ಬೆರಳು ನಿಲ್ಲಿಸಿದ್ದರು.

"ಅರಳಿತಾ ಅಕ್ಕ?" ಎಂದು ಕೇಳಿದ ಧರ್ಣಪ್ಪ.

"ಈಗ ಮುಚ್ಚಳ ತೆಗೆಯುವಾಗ ಅರಳ್ತಾ ಉಂಟು. ಚಂದ ಕಟ್ಟಿದ್ದಾರೆ. ಇಲ್ಲಿ ಒಬ್ಬಳು ಮದುಮಗಳಿಗೆ ಬೇಕು ಅಂತ ನಿಂತಿದ್ದಾಳೆ. ಕೊಡ್ಲಾ?"

"ಬೇಡ. ಬದುಕಿದವರಿಗೆ ಕೊಡ್ಬೇಡಿ. ಅಕ್ಕ, ಒಂದು ಉಪಕಾರ ಮಾಡಿ. ಸಂಜೆ ಸಮುದ್ರದ ಹತ್ರ ಹೋದ್ರೆ ಅದನ್ನು ನೀರಿಗೆ ಬಿಡಿ. ನೆಲಕ್ಕೆ ಇಡ್ಬೇಡಿ ಮತ್ತೆ. ಕೈಯಿಂದಲೇ ಬಿಡಿ."

"ಆಯ್ತಣ್ಣ," ಎಂದರು ಅಪ್ಪಿಯಕ್ಕ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ. "ಹೆಸರು ಇನ್ನೊಮ್ಮೆ ಹೇಳಿ. ಬಿಡುವಾಗ ಹೇಳ್ಬೇಕಲ್ಲ."